ಕಡಲ ಹಕ್ಕಿಗಳ ಗೆಳೆಯ ಥಾಮಸ್ ಎಡ್ವರ್ಡ್

ಸ್ಕಾಟ್ಲೆಂಡಿನ ಈಶಾನ್ಯದ ಅಂಚಿನಲ್ಲಿ, ಮರೇ ಕೊಲ್ಲಿಗೆ ಮುಖಮಾಡಿ, ಬ್ಯಾನ್ಫ್ ಎಂಬ ಪುಟ್ಟ ಊರಿದೆ. ಡೆವರನ್ ನದಿ ಅಲ್ಲಿ ಕಡಲನ್ನು ಸೇರುತ್ತದೆ. ನದಿಯ ಆಚೆಯ ದಡದಲ್ಲಿ ಬೆಸ್ತರ ಊರಾದ ಮ್ಯಾಕ್ಡಫ್ ಇದೆ. ಪೂರ್ವಕ್ಕೆ ಕಡಿದಾದ ಬಂಡೆಗಳ ಸಾಲು, ಪಶ್ಚಿಮಕ್ಕೆ ಮರಳು ಮತ್ತು ನುರುಜುಕಲ್ಲಿನ ತೀರ. ಚಳಿಗಾಲದಲ್ಲಿ ಅಲ್ಲಿ ಹಗಲೆಂಬುದು ಏಳು ಗಂಟೆಗಳಿಗಿಂತಲೂ ಕಡಿಮೆ; ಮಧ್ಯಾಹ್ನ ಮೂರೂವರೆಯಾಗುವುದರೊಳಗೆ ಸೂರ್ಯ ಮುಳುಗಿರುತ್ತಾನೆ. ಉತ್ತರದ ಗಾಳಿ ಧ್ರುವದ ಹಿಮವನ್ನು ಹೊತ್ತು ತರುತ್ತದೆ. ಆದರೂ ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹದ ಒಂದು ಕವಲು ಅಲ್ಲಿಯವರೆಗೂ ತಲಪುವುದರಿಂದ ಕಡಲು ಹೆಪ್ಪುಗಟ್ಟುವುದಿಲ್ಲ. ಆ ಕಾರಣದಿಂದಲೇ ಗ್ರೀನ್‌ಲೆಂಡ್, ಐಸ್‌ಲೆಂಡ್, ಸೈಬೀರಿಯಗಳಲ್ಲಿ ಬೇಸಗೆಯನ್ನು ಕಳೆದ ಅಸಂಖ್ಯ ಹಕ್ಕಿಗಳು ಚಳಿಗಾಲಕ್ಕೆ ಈ ತೀರಗಳನ್ನು ಅರಸಿ ಬರುತ್ತವೆ. ನಮಗೆ ಅಸಹನೀಯವಾದ ಆ ಚಳಿ, ಅವುಗಳ ಪಾಲಿಗೆ ದಕ್ಷಿಣದ ಹಿತವಾದ ಹವೆ!

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ಅಂತಹ ಚಳಿಯ ರಾತ್ರಿಗಳಲ್ಲಿ, ಈ ತೀರದ ಮರಳಿನ ದಿಬ್ಬವೊಂದರ ಬಿಲದೊಳಗೆ ಕಾಲುಗಳನ್ನು ತೂರಿಸಿಕೊಂಡು, ತಲೆಯನ್ನು ಮಾತ್ರ ಹೊರಗಿಟ್ಟು, ಪಕ್ಕದಲ್ಲಿ ಒಂದು ಹಳೆಯ ಬಂದೂಕವನ್ನಿರಿಸಿಕೊಂಡು ಮಲಗಿರುತ್ತಿದ್ದ ಮನುಷ್ಯನೊಬ್ಬನನ್ನು ಕಾಣಬಹುದಾಗಿತ್ತು. ಅವನು ಕಳ್ಳಬೇಟೆಗಾರನಲ್ಲ, ತಲೆಮರೆಸಿಕೊಂಡ ಅಪರಾಧಿಯೂ ಅಲ್ಲ. ಹಗಲೆಲ್ಲ ಅಂಗಡಿಯಲ್ಲಿ ಕುಳಿತು ಜೋಡು ಹೊಲಿದು, ಇರುಳಿನಲ್ಲಿ ಹಕ್ಕಿಗಳನ್ನೂ ಪ್ರಾಣಿಗಳನ್ನೂ ನೋಡಲು ಬಂದ ಥಾಮಸ್ ಎಡ್ವರ್ಡ್ ಅವನು.

ಎಡ್ವರ್ಡನು ಹುಟ್ಟಿದುದು ಇಂಗ್ಲೆಂಡಿನ ಗಾಸ್‌ಪೋರ್ಟಿನಲ್ಲಿ, ೧೮೧೪ರ ಡಿಸೆಂಬರ್ ೨೫ರಂದು. ತಂದೆ ನೇಯ್ಗೆಯವನು, ನೆಪೋಲಿಯನ್ನನೊಡನೆ ಯುದ್ಧ ನಡೆಯುತ್ತಿದ್ದ ಆ ದಿನಗಳಲ್ಲಿ ಫೈಫ್ ಪ್ರಾಂತದ ನಾಡಪಡೆಯನ್ನು ಸೇರಿ ಅಲ್ಲಿಗೆ ಬಂದಿದ್ದವನು. ಯುದ್ಧ ಮುಗಿದ ಮೇಲೆ ಸಂಸಾರ ಸ್ಕಾಟ್ಲೆಂಡಿಗೆ ಮರಳಿ, ಕಡೆಗೆ ಅಬರ್ಡೀನ್ ನಗರದಲ್ಲಿ ನೆಲಸಿತು. ಮಗು ನಡೆಯಲು ಕಲಿತ ದಿನದಿಂದಲೂ ಅದರ ಕಣ್ಣು ಮಣ್ಣಿನ ಮೇಲೆ, ನೀರಿನ ಮೇಲೆ. ಕಪ್ಪೆ, ಏಡಿ, ಜಿಗಣೆ, ಇಲಿಯ ಮರಿ, ಹೀಗೆ ಕೈಗೆ ಸಿಕ್ಕಿದ ಜೀವಿಯೆಲ್ಲ ಮನೆಗೆ ಬರುತ್ತಿತ್ತು. ಒಮ್ಮೆ ಕಣಜದ ಗೂಡನ್ನೇ ಅಂಗಿಯಲ್ಲಿ ಸುತ್ತಿ ಮನೆಗೆ ತಂದ ಹುಡುಗ ಅವನು. ಬೈಗುಳಕ್ಕಾಗಲಿ ಏಟಿಗಾಗಲಿ ಅವನು ಬಗ್ಗಲಿಲ್ಲ.

ಶಾಲೆಯಲ್ಲಿಯೂ ಇದೇ ಕಥೆ. ಕಾಗೆಯ ಜಾತಿಗೆ ಸೇರಿದ ಜ್ಯಾಕ್‌ಡಾ ಎಂಬ ಹಕ್ಕಿಯೊಂದನ್ನು ಬಟ್ಟೆಯೊಳಗೆ ಬಚ್ಚಿಟ್ಟುಕೊಂಡು ಹೋಗಿದ್ದಾಗ, ಪ್ರಾರ್ಥನೆಯ ನಡುವೆ ಅದು ಕೂಗಿಕೊಂಡು ಹೊರಬಿದ್ದಿತು. ಆ ಶಾಲೆಯ ಬಾಗಿಲು ಮುಚ್ಚಿತು. ಎರಡನೆಯ ಶಾಲೆಯಿಂದ ಅವನನ್ನು ಹೊರದೂಡಿದುದು ಸೀಸೆಯಿಂದ ತಪ್ಪಿಸಿಕೊಂಡ ಜಿಗಣೆಗಳು. ಮೂರನೆಯ ಶಾಲೆಯಲ್ಲಿ ಕಾಣಿಸಿಕೊಂಡ ಶತಪದಿಯೊಂದನ್ನು ಅವನು ತಂದಿರಲಿಲ್ಲ; ಆದರೂ ಅಪರಾಧ ಅವನ ತಲೆಗೇ ಬಂದಿತು. ಆರನೆಯ ವಯಸ್ಸು ಮುಗಿಯುವ ಮೊದಲೇ ಮೂರು ಶಾಲೆಗಳಿಂದ ಹೊರಬಿದ್ದ ಬಾಲಕ ಮತ್ತೆ ಎಂದೂ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಅಕ್ಷರಗಳನ್ನು ಕೂಡಿಸಿ ಓದುವಷ್ಟು ಕಲಿತಿದ್ದನೇ ಹೊರತು ಬರೆಯುವುದನ್ನು ಅವನು ಬಹುಕಾಲದ ಅನಂತರ, ತಾನಾಗಿ ಕಲಿಯಬೇಕಾಯಿತು.

ಆರು ವರ್ಷದ ಮಗುವಿಗೆ ಹೊಗೆಸೊಪ್ಪಿನ ಕಾರ್ಖಾನೆಯಲ್ಲಿ ಕೆಲಸ. ಆ ಬಳಿಕ ಡಾನ್ ನದಿಯ ದಡದಲ್ಲಿದ್ದ ನೂಲಿನ ಗಿರಣಿಯಲ್ಲಿ ಕೆಲಸ. ನಸುಕಿಗೆ ಮೊದಲೇ ಎದ್ದು ಎರಡು ಮೈಲಿ ನಡೆದು ಹೋಗಿ, ಕತ್ತಲಾದ ಮೇಲೆ ಮನೆಗೆ ಮರಳುವ ದುಡಿಮೆ ಅದು. ಆದರೂ ಆ ದಿನಗಳನ್ನು ಅವನು ಸುಖದ ದಿನಗಳೆಂದೇ ನೆನೆಯುತ್ತಿದ್ದನು. ದಾರಿಯ ಎರಡು ಬದಿಯಲ್ಲಿಯೂ ಕಾಡಿತ್ತು, ಕಾಡಿನಲ್ಲಿ ಹಕ್ಕಿಗಳಿದ್ದುವು. ಹನ್ನೊಂದನೆಯ ವಯಸ್ಸಿನಲ್ಲಿ ಜೋಡು ಹೊಲಿಯುವವನೊಬ್ಬನಲ್ಲಿ ಅವನನ್ನು ಕೆಲಸ ಕಲಿಯಲು ಬಿಟ್ಟರು. ಆ ಯಜಮಾನ ಕುಡುಕ. ಹುಡುಗನನ್ನು ಹೊಡೆಯುತ್ತಿದ್ದನು, ಅವನು ಸಾಕಿ ತಂದ ಎಳೆಯ ಜೀವಿಗಳನ್ನು ಅವನ ಕಣ್ಣೆದುರಿಗೇ ಕೊಲ್ಲುತ್ತಿದ್ದನು. ಆ ಕಸುಬನ್ನು ಎಡ್ವರ್ಡ್ ಎಂದೂ ಪ್ರೀತಿಸಲಿಲ್ಲ; ಆದರೆ ಬದುಕಿನುದ್ದಕ್ಕೂ ಅವನ ಅನ್ನ ಅದರಿಂದಲೇ ಬರಬೇಕಾಗಿತ್ತು.

೧೮೩೧ರಲ್ಲಿ ಅವನು ಅಬರ್ಡೀನಿನ ನಾಡಪಡೆಗೆ ಸೇರಿದನು. ಒಂದು ದಿನ ಕವಾಯತು ನಡೆಯುತ್ತಿರುವಾಗ ಸಾಲಿನ ಮುಂದೆ ಕಂದು ಬಣ್ಣದ ಚಿಟ್ಟೆಯೊಂದು ಹಾದುಹೋಯಿತು. ಅಂತಹ ಚಿಟ್ಟೆಯನ್ನು ಅವನು ಹಿಂದೆ ಕಂಡಿರಲಿಲ್ಲ. ಸೈನ್ಯ, ಶಿಸ್ತು, ಅಧಿಕಾರಿ ಎಲ್ಲವನ್ನೂ ಮರೆತು ಅವನು ಸಾಲು ಬಿಟ್ಟು ಅದರ ಬೆನ್ನು ಹತ್ತಿದನು. ಕಾವಲಿನವರು ಓಡಿಬಂದು ಹಿಡಿದರು. ಅಲ್ಲಿ ನೋಡುತ್ತ ನಿಂತಿದ್ದ ಮಹಿಳೆಯರು ಅಧಿಕಾರಿಯಲ್ಲಿ ಬೇಡಿಕೊಂಡಿರದಿದ್ದರೆ ಶಿಕ್ಷೆ ತಪ್ಪುತ್ತಿರಲಿಲ್ಲ. ಈ ಪ್ರಸಂಗ ಕೇಳಿದವರಿಗೆ ನಗು ಬರುತ್ತದೆ. ಆದರೆ ಇದೇ ಸ್ವಭಾವ ಹದಿನೈದು ವರ್ಷಗಳ ಮೇಲೆ ಅವನ ಪ್ರಾಣವನ್ನು ಉಳಿಸಿತೆಂಬುದನ್ನು ಓದುಗರು ಮುಂದೆ ನೋಡುವರು.

ಸುಮಾರು ಇಪ್ಪತ್ತನೆಯ ವಯಸ್ಸಿನಲ್ಲಿ ಎಡ್ವರ್ಡ್ ಕೆಲಸವನ್ನು ಅರಸಿ ಬ್ಯಾನ್ಫಿಗೆ ಬಂದನು. ಇಪ್ಪತ್ತಮೂರರಲ್ಲಿ ಸೋಫಿಯಾ ರೀಡ್ ಎಂಬ ಹೆಣ್ಣುಮಗಳನ್ನು ಮದುವೆಯಾದನು. ವಾರದ ಸಂಪಾದನೆ ಹತ್ತು ಷಿಲಿಂಗನ್ನೂ ಮುಟ್ಟುತ್ತಿರಲಿಲ್ಲ. ಕಾಲಕ್ರಮದಲ್ಲಿ ಮಕ್ಕಳು ಹನ್ನೊಂದು ಮಂದಿ. ಬೆಳಗಿನ ಆರರಿಂದ ರಾತ್ರಿ ಒಂಬತ್ತರವರೆಗೆ ಅಂಗಡಿಯ ಕೆಲಸ. ಹಾಗಾದರೆ ಹಕ್ಕಿಗಳನ್ನು ನೋಡುವುದು ಯಾವಾಗ? ಅವನು ಕಂಡುಕೊಂಡ ಉತ್ತರ ಒಂದೇ: ರಾತ್ರಿ. ಕೆಲಸ ಮುಗಿದೊಡನೆ ಓಟ್ ಹಿಟ್ಟಿನ ರೊಟ್ಟಿಯ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಹೊರಡುವನು. ಕತ್ತಲು ಕವಿಯುವವರೆಗೆ ನೋಡುವನು. ಕಣ್ಣು ಕಾಣದಾದಾಗ ಬಿಲದಲ್ಲೋ ಬೇಲಿಯ ಮರೆಯಲ್ಲೋ, ಮಳೆ ಜೋರಾದರೆ ಹಳೆಯ ಸ್ಮಶಾನದ ಚಪ್ಪಡಿ ಗೋರಿಯ ಅಡಿಯಲ್ಲೋ ಮಲಗುವನು. ಬೆಳಕು ಹರಿದೊಡನೆ ಮತ್ತೆ ನೋಡಲು ತೊಡಗಿ, ಆರು ಗಂಟೆಗೆ ಅಂಗಡಿಯಲ್ಲಿರುವನು. ಭಾನುವಾರ ಮಾತ್ರ ದೇವರ ದಿನ. ಶನಿವಾರದ ನಡುರಾತ್ರಿಯೊಳಗೆ ಅವನು ಮನೆ ಸೇರುತ್ತಿದ್ದನು.

ಅವನ ಸಲಕರಣೆಗಳ ಬಡತನವನ್ನು ನೆನೆದರೆ ಮರುಕ ಹುಟ್ಟುತ್ತದೆ. ಬಂದೂಕದ ನಳಿಗೆಯನ್ನು ಅದರ ಹಿಡಿಗೆ ಹುರಿಯಿಂದ ಬಿಗಿದಿದ್ದನು. ಮದ್ದನ್ನು ತುಂಬಲು ಹಸುವಿನ ಕೊಂಬು, ಅಳೆಯಲು ಹೊಗೆಸೊಪ್ಪಿನ ಕೊಳವೆಯ ಬಟ್ಟಲು, ಗುಂಡುಗಳಿಗೆ ಕಾಗದದ ಚೀಲ. ದೂರದರ್ಶಕವಿಲ್ಲ, ಗ್ರಂಥಗಳಿಲ್ಲ. ಹಿಡಿದ ಹಕ್ಕಿಯ ಹೆಸರನ್ನು ತಿಳಿಸುವ ಜನರೂ ಇರಲಿಲ್ಲ. ಅವನು ಹಕ್ಕಿಗಳನ್ನು ಕೊಂದನೆಂಬುದು ಇಂದಿನ ಓದುಗನಿಗೆ ನೋವನ್ನುಂಟುಮಾಡಬಹುದು. ಆ ಕಾಲದಲ್ಲಿ ಹಕ್ಕಿಯನ್ನು ಅರಿಯುವ ದಾರಿ ಅದೊಂದೇ ಎಂದು ಎಲ್ಲರೂ ನಂಬಿದ್ದರು; ಅವನೂ ನಂಬಿದ್ದನು. ಆದರೆ ಅವನ ಹಿರಿಮೆಯಿರುವುದು ಕೊಂದು ತುಂಬಿಟ್ಟ ಹಕ್ಕಿಗಳಲ್ಲಲ್ಲ. ಗುಂಡು ಹಾರಿಸದೆ, ಉಸಿರು ಬಿಗಿಹಿಡಿದು, ಗಂಟೆಗಟ್ಟಲೆ ಮರಳಿನಲ್ಲಿ ಮಲಗಿ ನೋಡಿದ ಹಕ್ಕಿಗಳಲ್ಲಿ.

ಎರಡು ಪ್ರಸಂಗಗಳನ್ನು ಹೇಳಬೇಕು. ಒಂದು ದಿನ ಬ್ಯಾನ್ಫಿನ ಪಶ್ಚಿಮದ ತೀರದಲ್ಲಿ ನಡೆಯುತ್ತಿದ್ದಾಗ ದೂರದಲ್ಲಿ ಎರಡು ಹಕ್ಕಿಗಳು ಏನೋ ದೊಡ್ಡ ವಸ್ತುವಿನ ಬಳಿ ಹೆಣಗುತ್ತಿರುವುದು ಕಂಡಿತು. ಅವು ಟರ್ನ್‌ಸ್ಟೋನ್ ಎಂಬ ಹಕ್ಕಿಗಳು. ಕಡಲಂಚಿನ ಕಲ್ಲುಗಳನ್ನು ಕೊಕ್ಕಿನಿಂದ ಮಗುಚಿ ಅಡಿಯಲ್ಲಿರುವ ಹುಳುಗಳನ್ನು ತಿನ್ನುವುದರಿಂದ ಅವಕ್ಕೆ ಆ ಹೆಸರು ಬಂದಿದೆ. ಎಡ್ವರ್ಡ್ ನುರುಜುಕಲ್ಲಿನ ದಿಬ್ಬದ ಮರೆಯಲ್ಲಿ ತೆವಳಿಕೊಂಡು ಕೆಲವೇ ಗಜಗಳಷ್ಟು ಹತ್ತಿರಕ್ಕೆ ಹೋದನು. ಅಲ್ಲಿ ಸತ್ತ ಕಾಡ್ ಮೀನೊಂದು ಮರಳಿನಲ್ಲಿ ಅರ್ಧ ಹೂತು ಬಿದ್ದಿತ್ತು. ಮೂರಡಿಗಿಂತಲೂ ಉದ್ದದ ಮೀನು. ಹಕ್ಕಿಗಳೋ ಅಂಗೈಯಗಲದವು. ಅವು ಕೊಕ್ಕಿನಿಂದ ಎತ್ತಿ ನೋಡಿದುವು, ಎದೆಗೊಟ್ಟು ನೂಕಿದುವು, ಮೀನು ಅಲುಗಲಿಲ್ಲ. ಆಗ ಇನ್ನೊಂದು ಬದಿಗೆ ಹೋಗಿ ಮೀನಿನ ಅಡಿಯ ಮರಳನ್ನು ಕೆರೆದು ತೆಗೆಯಲು ತೊಡಗಿದುವು. ಮೂರನೆಯ ಹಕ್ಕಿಯೊಂದು ಹಾರಿಬಂದು ಕೆಲಸಕ್ಕೆ ಕೈಕೊಟ್ಟಿತು. ತೆಗೆಯುವುದು, ಮತ್ತೆ ಹಿಂದಿರುಗಿ ನೂಕುವುದು, ಮತ್ತೆ ತೆಗೆಯುವುದು. ಕಡೆಗೆ ಮೂರೂ ಸೇರಿ ಒಮ್ಮೆಲೆ ನೂಕಿದಾಗ ಮೀನು ಉರುಳಿತು. ಅದರ ಅಡಿಯಲ್ಲಿದ್ದ ಹುಳುಗಳ ಔತಣ ಅವುಗಳದಾಯಿತು. ಈ ದೃಶ್ಯವನ್ನು ಎಡ್ವರ್ಡ್ ಬರೆದಿಡದೆ ಇದ್ದಿದ್ದರೆ ಅದನ್ನು ಕಟ್ಟುಕಥೆಯೆಂದು ಯಾರಾದರೂ ತಳ್ಳಿಹಾಕುತ್ತಿದ್ದರು. ಇದೇ ಜಾತಿಯ ಹಕ್ಕಿಗಳು ಚಳಿಗಾಲದಲ್ಲಿ ನಮ್ಮ ಕನ್ನಡ ಕರಾವಳಿಗೂ ಬರುತ್ತವೆ. ನೋಡುವ ತಾಳ್ಮೆಯಿದ್ದವರು ಅವನ್ನು ಅಲ್ಲಿಯೂ ನೋಡಬಹುದು.

ಇನ್ನೊಮ್ಮೆ ಅವನು ರೀವ ಹಕ್ಕಿಯೊಂದಕ್ಕೆ ಗುಂಡು ಹಾರಿಸಿದನು. ರೆಕ್ಕೆ ಮುರಿದು ಅದು ನೀರಿಗೆ ಬಿದ್ದು, ಅಲೆಗಳೊಡನೆ ದಡದತ್ತ ತೇಲಿ ಬರತೊಡಗಿತು. ಹಿಡಿಯಲು ಅವನು ಕಾಯುತ್ತಿರುವಾಗ ಎರಡು ರೀವಗಳು ಇಳಿದುಬಂದು, ಎರಡು ಕಡೆಯಿಂದ ಗಾಯಾಳುವಿನ ರೆಕ್ಕೆಗಳನ್ನು ಹಿಡಿದೆತ್ತಿ ಕಡಲಿನತ್ತ ಒಯ್ದುವು. ಸ್ವಲ್ಪ ದೂರ ಹೋದ ಮೇಲೆ ಅವು ಇಳಿಸಿದೊಡನೆ ಬೇರೆ ಎರಡು ಬಂದು ಹೊತ್ತುವು. ಹೀಗೆ ಸರದಿಯ ಮೇಲೆ ಹೊತ್ತು ಅದನ್ನು ಒಂದು ಬಂಡೆಗೆ ಮುಟ್ಟಿಸಿದುವು. ಅವನು ಬಂಡೆಯತ್ತ ಹೋದಾಗ ಇಡೀ ಹಿಂಡೇ ಅವನ ತಲೆಯ ಮೇಲೆ ಕೂಗುತ್ತ ಸುತ್ತಿತು. ಮತ್ತೆ ಎರಡು ಹಕ್ಕಿಗಳು ಗಾಯಾಳುವನ್ನೆತ್ತಿಕೊಂಡು ಕಡಲಿನ ಕಡೆಗೆ ನಡೆದುವು. ಬಯಸಿದ್ದರೆ ಅವನು ತಡೆಯಬಹುದಾಗಿತ್ತು. ತಡೆಯಲಿಲ್ಲ, ತಾನು ಮಾಡಿದ ಕೆಲಸವನ್ನು ಆ ಹಕ್ಕಿಗಳು ಸರಿಪಡಿಸುತ್ತಿರುವುದನ್ನು ನೋಡುತ್ತ ನಿಂತನು.

ಚಳಿಗಾಲದ ಬಿರುಗಾಳಿಗಳು ತೀರಕ್ಕೆ ತಂದೊಗೆಯುತ್ತಿದ್ದ ಲಿಟ್ಲ್ ಆಕ್ ಹಕ್ಕಿಗಳೂ ಅವನ ಗಮನವನ್ನು ಸೆಳೆದಿದ್ದುವು. ಧ್ರುವಪ್ರದೇಶದಲ್ಲಿ ಮರಿಮಾಡಿ, ಚಳಿಗಾಲವನ್ನು ತೆರೆದ ಕಡಲಿನಲ್ಲೇ ಕಳೆಯುವ ಈ ಪುಟ್ಟ ಹಕ್ಕಿಗಳು, ದಿನಗಟ್ಟಲೆ ಬಿರುಗಾಳಿ ಬೀಸಿದಾಗ ಆಹಾರ ದೊರೆಯದೆ ಸೋತು, ಅಲೆಗಳೊಡನೆ ದಡಕ್ಕೆ ಬಂದು ಬೀಳುತ್ತವೆ. ಬಿರುಗಾಳಿ ನಿಂತ ಮರುದಿನ ಅವನು ಆ ತೀರದುದ್ದಕ್ಕೂ ನಡೆದು ಅವನ್ನು ಎಣಿಸುತ್ತಿದ್ದನು.

ಈ ಹುಚ್ಚಿಗೆ ಬೆಲೆ ತೆತ್ತವನು ಅವನೊಬ್ಬನೇ ಅಲ್ಲ. ರಾತ್ರಿಗಳನ್ನೆಲ್ಲ ಒಂಟಿಯಾಗಿ ಕಳೆದ ಹೆಂಡತಿಯನ್ನು ನಾವು ಮರೆಯಬಾರದು. ಆ ಕಾಲದ ಜೋಡಿನ ಕೆಲಸಗಾರರಲ್ಲಿ ಕುಡಿತ ಬಹಳವಾಗಿತ್ತು. ತನ್ನ ಗಂಡನನ್ನು ಪ್ರಾಣಿಗಳು ಹೆಂಡದಂಗಡಿಯಿಂದ ದೂರವಿರಿಸಿದುವೆಂಬುದೇ ಆಕೆಗೆ ಸಮಾಧಾನವಾಗಿತ್ತು. ಅವನು ಬಿರುಮಳೆಯಲ್ಲಿ ನೆನೆದು ಬಂದಾಗ, ಮ್ಯಾಕ್ಡಫಿನ ಹತ್ತಿರ ಬಂಡೆಯಿಂದ ಬಿದ್ದು ಮೈ ಜಜ್ಜಿಕೊಂಡು ಬಂದಾಗ, ಆರೈಕೆ ಆಕೆಯದು. ಒಂದು ರಾತ್ರಿ ಪೋಲ್‌ಕ್ಯಾಟ್ ಎಂಬ ಮುಂಗುಸಿಯಂತಹ ಪ್ರಾಣಿ, ಅವನ ಜೇಬಿನಲ್ಲಿದ್ದ ನೀರುಕೋಳಿಯ ವಾಸನೆ ಹಿಡಿದು ಮೇಲೆ ಬಿದ್ದಾಗ, ಚರ್ಮ ಕೆಡಬಾರದೆಂಬ ಆಸೆಯಿಂದ ಅವನು ಅದನ್ನು ಕಲ್ಲಿನಿಂದ ಹೊಡೆಯದೆ ಸುಮಾರು ಎರಡು ಗಂಟೆಗಳ ಕಾಲ ಬರಿಗೈಯಲ್ಲಿ ಹೋರಾಡಿದನು. ಆ ಕಚ್ಚುಗಾಯಗಳಿಗೆ ಔಷಧ ಹಚ್ಚುವ ಕೆಲಸವೂ ಮನೆಯವರದೇ.

ಬಹುದಿನಗಳ ದುಡಿಮೆಯಿಂದ ಅವನು ೯೧೬ ಕೀಟಗಳನ್ನು ಕೂಡಿಸಿ, ಪೆಟ್ಟಿಗೆಗಳಲ್ಲಿ ಅಂದವಾಗಿ ಜೋಡಿಸಿ, ಗಾಜು ಹಾಕಿಸಲು ಹಣವಿಲ್ಲದೆ ಅಟ್ಟದ ಮೇಲೆ ಇಟ್ಟಿದ್ದನು. ಕೆಲವು ದಿನಗಳ ಮೇಲೆ ತೆರೆದು ನೋಡಿದರೆ ಸೂಜಿಗಳು ಉಳಿದಿದ್ದುವು. ಕೀಟಗಳ ಕಾಲು ರೆಕ್ಕೆಗಳ ಚೂರುಗಳಷ್ಟೇ ಅವುಗಳ ಸುತ್ತ ಬಿದ್ದಿದ್ದುವು. ಉಳಿದುದನ್ನೆಲ್ಲ ಇಲಿಗಳು ತಿಂದಿದ್ದುವು. ಮುಂದೇನು ಮಾಡುವೆಯೆಂದು ಹೆಂಡತಿ ಕೇಳಿದಾಗ, ಮತ್ತೆ ಮೊದಲಿನಿಂದ ಆರಂಭಿಸುವೆನೆಂಬುದೇ ಅವನ ಉತ್ತರವಾಗಿತ್ತು. ಅಷ್ಟನ್ನು ಮತ್ತೆ ಕೂಡಿಸಲು ಅವನಿಗೆ ನಾಲ್ಕು ವರ್ಷ ಹಿಡಿಯಿತು.

ಹೀಗೆ ಬೆಳೆದ ಸಂಗ್ರಹವನ್ನು ಅವನು ೧೮೪೫ರಲ್ಲಿ ಬ್ಯಾನ್ಫಿನ ಜಾತ್ರೆಯಲ್ಲಿ ಪ್ರದರ್ಶಿಸಿದನು. ಜನ ಬಂದರು, ಮೆಚ್ಚಿದರು. ನಾಲ್ಕು ಕಾಸು ಕೈಗೆ ಬಂದಿತು. ಇಷ್ಟು ಚಿಕ್ಕ ಊರಿನಲ್ಲಿಯೇ ಹೀಗಾದರೆ ದೊಡ್ಡ ನಗರದಲ್ಲಿ ಏನಾಗಲಾರದು? ತಾನು ಬೆಳೆದ ಅಬರ್ಡೀನಿಗೆ ಹೋಗಿ, ಪ್ರದರ್ಶನದಿಂದ ಬಂದ ಹಣದಲ್ಲಿ ಜೋಡು ಹೊಲಿಯುವುದನ್ನು ಬಿಟ್ಟು ಪ್ರಕೃತಿಶಾಸ್ತ್ರಕ್ಕೇ ಬಾಳನ್ನು ಮೀಸಲಿಡುವ ಕನಸು ಅವನಲ್ಲಿ ಮೂಡಿತು. ೧೮೪೬ರ ಆಗಸ್ಟಿನಲ್ಲಿ ಆರು ಗಾಡಿಗಳಲ್ಲಿ ಸಂಗ್ರಹವನ್ನು ಹೇರಿಕೊಂಡು ಸಂಸಾರಸಮೇತ ಅಬರ್ಡೀನಿಗೆ ಹೋಗಿ, ಯೂನಿಯನ್ ಬೀದಿಯಲ್ಲಿ ಬಾಡಿಗೆಗೆ ಜಾಗ ಹಿಡಿದನು.

ಜನ ಬರಲಿಲ್ಲ. ಬಂದ ಕೆಲವರೂ ನಂಬಲಿಲ್ಲ. ಹಗಲೆಲ್ಲ ಜೋಡು ಹೊಲಿಯುವವನೊಬ್ಬನು ಇಷ್ಟನ್ನೆಲ್ಲ ಒಬ್ಬನೇ ಕೂಡಿಸಿದನೆಂದರೆ ಹೇಗೆ ನಂಬುವುದು? ಅವರ ಅಪನಂಬಿಕೆಯನ್ನು ಅವನು ಸಹಿಸಬಲ್ಲವನಾಗಿದ್ದನು. ಬಾಡಿಗೆಯ ಸಾಲವನ್ನು ತೀರಿಸುವ ದಾರಿ ಕಾಣಲಿಲ್ಲ. ವಾರಗಳು ಕಳೆದುವು. ಕೈಯಲ್ಲಿ ಕಾಸಿಲ್ಲ, ಹೆಂಡತಿ ಮಕ್ಕಳು ಪರಸ್ಥಳದಲ್ಲಿ. ಒಂದು ದಿನ ಅವನು ಊರನ್ನು ಬಿಟ್ಟು ಕಡಲಿನತ್ತ ನಡೆದನು. ಮರಳಿನ ಮೇಲೆ ಟೋಪಿಯನ್ನು ಕಳಚಿಟ್ಟನು, ಕೋಟನ್ನು ಕಳಚಿಟ್ಟನು. ನೀರಿಗೆ ಹಾರುವುದೊಂದೇ ಉಳಿದಿತ್ತು.

ಆ ಹೊತ್ತಿಗೆ ಹಕ್ಕಿಗಳ ಹಿಂಡೊಂದು ಬಂದು ಅವನ ಸಮೀಪದಲ್ಲಿ ಇಳಿಯಿತು. ಅವು ಸ್ಯಾಂಡರ್ಲಿಂಗ್ ಹಕ್ಕಿಗಳು. ಧ್ರುವದ ಸೆರಗಿನಲ್ಲಿ ಮರಿಮಾಡಿ, ಬೇಸಗೆಯ ಕೊನೆಗೆ ದಕ್ಷಿಣದ ಮರಳುತೀರಗಳಿಗೆ ಇಳಿದುಬರುವ, ಉಳಿದ ಹಕ್ಕಿಗಳಿಗಿರುವ ಹಿಂಬೆರಳು ಕಾಲಿನಲ್ಲಿಲ್ಲದ, ಸಣ್ಣ ಬೆಳ್ಳನೆಯ ಹಕ್ಕಿಗಳು. ಅಲೆ ಹಿಂದೆ ಸರಿದರೆ ಅದರ ಬೆನ್ನಟ್ಟಿ ಓಡಿ ಒದ್ದೆ ಮರಳಿನಲ್ಲಿ ಕೊಕ್ಕನ್ನು ಊರುತ್ತವೆ. ಅಲೆ ಮುಂದೆ ಬಂದರೆ ಅದಕ್ಕಿಂತ ಮುಂದಾಗಿ ಓಡಿಬರುತ್ತವೆ. ಅವುಗಳ ನಡುವೆ ಇನ್ನೊಂದು ಹಕ್ಕಿಯಿತ್ತು: ಗಾತ್ರದಲ್ಲಿ ದೊಡ್ಡದು, ಬಣ್ಣದಲ್ಲಿ ಕಪ್ಪುಮಿಶ್ರಿತ. ಅದಾವುದು? ಎಡ್ವರ್ಡ್ ಅಂತಹುದನ್ನು ಕಂಡಿರಲಿಲ್ಲ. ಅವನು ಒಂದು ಹೆಜ್ಜೆ ಮುಂದಿಟ್ಟನು. ಹಿಂಡು ಎದ್ದು ಸ್ವಲ್ಪ ದೂರದಲ್ಲಿ ಇಳಿಯಿತು. ಅವನು ಹಿಂಬಾಲಿಸಿದನು. ಮತ್ತೆ ಎದ್ದಿತು, ಮತ್ತೆ ಇಳಿಯಿತು. ಹೀಗೆ ತೀರದುದ್ದಕ್ಕೂ ನಡೆದು, ಓಡಿ, ತೆವಳಿ, ಡಾನ್ ನದಿಯ ಮುಖದವರೆಗೆ ಅವನು ಬಂದನು. ಕಡೆಗೆ ಹಕ್ಕಿಗಳು ಹಾರಿಹೋದುವು. ಅಷ್ಟು ಹೊತ್ತಿಗೆ ಅವನು ಯಾವುದಕ್ಕಾಗಿ ಕಡಲಿನ ಬಳಿಗೆ ಬಂದಿದ್ದನೋ ಅದು ಮನಸ್ಸಿನಿಂದ ಜಾರಿಹೋಗಿತ್ತು. ಅವನು ಹಿಂದಿರುಗಿ ನಡೆದು, ಕಳಚಿಟ್ಟ ಬಟ್ಟೆಗಳನ್ನು ತೊಟ್ಟುಕೊಂಡು, ಮನೆಗೆ ಹೋದನು.

ಕವಾಯತಿನ ಸಾಲಿನಿಂದ ಚಿಟ್ಟೆ ಅವನನ್ನು ಎಳೆದೊಯ್ದಂತೆಯೇ, ಸಾವಿನ ಅಂಚಿನಿಂದ ಈ ಹಕ್ಕಿ ಅವನನ್ನು ಎಳೆದೊಯ್ದಿತು. ಯಾವ ಒಲವು ಅವನನ್ನು ಸಾಲದ ಮಡುವಿಗೆ ನೂಕಿತೋ ಅದೇ ಒಲವು ಅವನನ್ನು ದಡಕ್ಕೂ ತಂದಿತು. ಬೇರಾವ ಪವಾಡವೂ ನಡೆಯಲಿಲ್ಲ. ಸಾಲ ಹಾಗೆಯೇ ಇತ್ತು. ತೀರಿಸಲು ಅವನು ಇಡೀ ಸಂಗ್ರಹವನ್ನು ಶ್ರೀಮಂತನೊಬ್ಬನಿಗೆ ಇಪ್ಪತ್ತು ಪೌಂಡು ಹತ್ತು ಷಿಲಿಂಗಿಗೆ ಮಾರಬೇಕಾಯಿತು. ಹೊಸ ಮಾಲೀಕನಲ್ಲಿ ಅದು ತೇವದ ಕೋಣೆಯೊಂದರಲ್ಲಿ ಬಿದ್ದು ಹಾಳಾಯಿತು. ಎಡ್ವರ್ಡ್ ಬರಿಗೈಯಲ್ಲಿ ಬ್ಯಾನ್ಫಿಗೆ ಮರಳಿ, ಹಳೆಯ ಅಂಗಡಿಯಲ್ಲಿ ಹಳೆಯ ಪೀಠದ ಮೇಲೆ ಕುಳಿತು ಜೋಡು ಹೊಲಿಯತೊಡಗಿದನು. ರಾತ್ರಿಯಾದೊಡನೆ ಮತ್ತೆ ತೀರಕ್ಕೆ ಹೊರಟನು.

ಈ ಸಮಯದಲ್ಲಿ ಅವನಿಗೆ ದೊರೆತ ದೊಡ್ಡ ಭಾಗ್ಯವೆಂದರೆ, ಹತ್ತಿರದ ಊರೊಂದರ ಪಾದ್ರಿ ಜೇಮ್ಸ್ ಸ್ಮಿತ್ತನ ಸ್ನೇಹ. ಆತ ಅವನಿಗೆ ಪುಸ್ತಕಗಳನ್ನು ಕೊಟ್ಟನು, ಕಂಡುದನ್ನು ಬರೆದಿಡುವಂತೆ ಒತ್ತಾಯಿಸಿದನು, ಅವನ ಶೋಧನೆಗಳನ್ನು ವಿದ್ವಾಂಸರ ಪತ್ರಿಕೆಗಳಿಗೆ ತಲಪಿಸಿದನು. ಬಳಿಕ ಎಡ್ವರ್ಡನೇ ಬರೆಯಲಾರಂಭಿಸಿದನು. ಊರಿನ ವಸ್ತುಸಂಗ್ರಹಾಲಯದ ಪಾಲಕನ ಹುದ್ದೆ ದೊರೆಯಿತಾದರೂ ಅದರ ಸಂಬಳ ವರ್ಷಕ್ಕೆ ಕೆಲವೇ ಪೌಂಡುಗಳು.

ನಡುವಯಸ್ಸಿನಲ್ಲಿ ಆರೋಗ್ಯ ಕುಸಿಯಿತು. ಇರುಳನ್ನು ಬಯಲಿನಲ್ಲಿ ಕಳೆಯುವುದು ಅಸಾಧ್ಯವಾಯಿತು. ಆಗ ಅವನು ಕಡಲಿನ ಒಡಲಿನತ್ತ ಗಮನವನ್ನು ತಿರುಗಿಸಿದನು. ಬೆಸ್ತರು ತಂದ ಮೀನುಗಳ ಹೊಟ್ಟೆಯೊಳಗಿನ ಪದಾರ್ಥವನ್ನು ಸೋಸಿ, ಬಲೆಗಳಿಗೆ ಅಂಟಿಕೊಂಡ ಕಸವನ್ನು ಹೆಕ್ಕಿ, ಏಡಿ ಸೀಗಡಿಗಳ ವರ್ಗಕ್ಕೆ ಸೇರಿದ ಅತಿಸೂಕ್ಷ್ಮ ಜೀವಿಗಳನ್ನು ಅವನು ಕಂಡುಹಿಡಿದನು. ಹೆಣ್ಣುಮಕ್ಕಳು ಬೆಸ್ತರ ಹಳ್ಳಿಗಳಿಗೆ ನಡೆದುಹೋಗಿ ಆ ಕಸವನ್ನು ಹೊತ್ತು ತರುತ್ತಿದ್ದರು. ಪ್ಲಿಮತ್ತಿನ ದಂತವೈದ್ಯನೂ ವಿಜ್ಞಾನಿಯೂ ಆದ ಸ್ಪೆನ್ಸ್ ಬೇಟ್, ಪ್ರೊಫೆಸರ್ ವೆಸ್ಟ್‌ವುಡ್ಡನೊಡನೆ ಸೇರಿ ಬರೆದು, ೧೮೬೮ರಲ್ಲಿ ಪೂರ್ಣಗೊಳಿಸಿದ ಮಹಾಗ್ರಂಥಕ್ಕೆ ಬ್ಯಾನ್ಫಿನ ಈ ಜೋಡಿನ ಕೆಲಸಗಾರ ಕಳುಹಿಸಿದ ಮಾದರಿಗಳು ಬಹಳವಾಗಿ ನೆರವಾದುವು. ವಿಜ್ಞಾನಕ್ಕೆ ಹೊಸತಾದ ಇಪ್ಪತ್ತಕ್ಕೆ ಕಡಿಮೆಯಲ್ಲದಷ್ಟು ಜೀವಜಾತಿಗಳು ಅವನಿಂದ ಬೆಳಕಿಗೆ ಬಂದುವು. ಅವುಗಳಲ್ಲೊಂದಕ್ಕೆ ಅವನ ಹೆಸರನ್ನೇ ಇಟ್ಟರು. ೧೮೬೬ರಲ್ಲಿ ಲಂಡನ್ನಿನ ಲಿನಿಯನ್ ಸಂಸ್ಥೆ ಅವನನ್ನು ತನ್ನ ಸಹಸದಸ್ಯನನ್ನಾಗಿ ಆರಿಸಿತು.

ಹೊಟ್ಟೆಯ ಚಿಂತೆ ಮಾತ್ರ ತೀರಲಿಲ್ಲ. ಮನೆಯಲ್ಲಿ ಕಾಯಿಲೆ ಬಂದಾಗಲೆಲ್ಲ ಸಂಗ್ರಹದ ಪೆಟ್ಟಿಗೆಗಳು ಮಾರಾಟವಾದುವು. ಕಡೆಗೆ ೧೮೭೬ರಲ್ಲಿ ಸ್ಯಾಮ್ಯುಯೆಲ್ ಸ್ಮೈಲ್ಸ್ ಅವನ ಜೀವನಚರಿತ್ರೆಯನ್ನು ಪ್ರಕಟಿಸಿದನು. ಪುಸ್ತಕ ದೇಶವನ್ನೆಲ್ಲ ಕಲಕಿತು. ವಿಕ್ಟೋರಿಯಾ ರಾಣಿ ಅವನಿಗೆ ವರ್ಷಕ್ಕೆ ೫೦ ಪೌಂಡುಗಳ ವಿಶ್ರಾಂತಿವೇತನವನ್ನು ಮಂಜೂರು ಮಾಡಿದಳು. ಮರುವರ್ಷ ಅಬರ್ಡೀನಿನ ನಾಗರಿಕರು ಸಭೆ ಸೇರಿ ಮುನ್ನೂರಕ್ಕೂ ಹೆಚ್ಚು ಚಿನ್ನದ ನಾಣ್ಯಗಳ ಹಮ್ಮಿಣಿಯನ್ನು ಅವನಿಗೆ ಅರ್ಪಿಸಿದರು. ಮೂವತ್ತೊಂದು ವರ್ಷಗಳ ಹಿಂದೆ ಅದೇ ನಗರ ಅವನನ್ನು ನಂಬದೆ ಕಡಲಿನ ಕಡೆಗೆ ಅಟ್ಟಿತ್ತು. ೧೮೮೬ರ ಏಪ್ರಿಲ್ ೨೭ರಂದು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಬ್ಯಾನ್ಫಿನಲ್ಲಿ ಎಡ್ವರ್ಡ್ ತೀರಿಕೊಂಡನು.

ಸ್ಮೈಲ್ಸ್ ಸ್ವಸಹಾಯದ ಪ್ರವಾದಿ. ಬಡತನದಿಂದ ದುಡಿದು ಮೇಲೆ ಬಂದವರ ಕಥೆಗಳು ಅವನಿಗೆ ಪ್ರಿಯ. ಎಡ್ವರ್ಡನನ್ನೂ ಅವನು ಆ ಸಾಲಿನಲ್ಲಿಯೇ ನಿಲ್ಲಿಸಿದನು. ಆದರೆ ಈ ಬಾಳನ್ನು ಮತ್ತೆ ಮತ್ತೆ ನೆನೆದಾಗ ಆ ಸಾಲು ಇದಕ್ಕೆ ಹೊಂದುವುದೇ ಎಂಬ ಸಂದೇಹ ಹುಟ್ಟುತ್ತದೆ. ಎಡ್ವರ್ಡ್ ಮೇಲೆ ಬರಲಿಲ್ಲ. ಅರುವತ್ತು ದಾಟುವವರೆಗೂ ಜೋಡು ಹೊಲಿದನು. ಕೀರ್ತಿ ಬಂದಾಗ ಇರುಳಿನಲ್ಲಿ ತೀರಕ್ಕೆ ಹೋಗುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಅವನು ಏನನ್ನಾದರೂ ಗಳಿಸಿದ್ದರೆ ಅದನ್ನು ಗಳಿಸಿದುದು ಆ ಚಳಿಯ ರಾತ್ರಿಗಳಲ್ಲಿಯೇ: ಸತ್ತ ಮೀನನ್ನು ಮೂರು ಹಕ್ಕಿಗಳು ಮಗುಚಿದಾಗ, ಗಾಯಗೊಂಡ ಸಂಗಾತಿಯನ್ನು ರೀವಗಳು ಹೊತ್ತೊಯ್ದಾಗ, ಹೆಸರರಿಯದ ಹಕ್ಕಿಯೊಂದು ಡಾನ್ ನದಿಯ ಮುಖದಲ್ಲಿ ಕಣ್ಮರೆಯಾದಾಗ. ಶಾಲೆಯ ಮಕ್ಕಳ ಜೇಬಿನಲ್ಲಿ ಇಂದಿಗೂ ಒಮ್ಮೊಮ್ಮೆ ಹುಳುವೋ ಹಕ್ಕಿಯ ಗರಿಯೋ ಸಿಗುತ್ತದೆ. ಅದನ್ನು ಕಸಿದುಕೊಂಡು ಬಿಸಾಡುವ ಮೊದಲು, ಮೂರು ಶಾಲೆಗಳು ಹೊರದೂಡಿದ ಆ ಹುಡುಗನನ್ನು ನಮ್ಮ ಉಪಾಧ್ಯಾಯರು ಒಂದು ಗಳಿಗೆ ನೆನೆದರೆ ಸಾಕು.